ಬಾವಿಗೆಂದು ಕೊಟ್ಟ ಹೆಬ್ಬೆಟ್ಟು

ವೈನಿ, ನಮ್ಮೂರ ಬಾವಿಯ ಅರ್ಜಿಯನ್ನು ನಾನು ಲಿಂಗಸುಗೂರಿನ ತಹಸೀಲಿಗೆ ಕೊಡಲೇ ಇಲ್ಲ. ಕೊಟ್ಟು ಬಂದೆ ಎಂದು ನಿಮಗೆ ಹೇಳಿದ್ದು ಸುಳ್ಳು. ನೀವು ಮನೆ ಮನೆ ತಿರುಗಿ ಹಾಕಿಸಿ ತಂದ ಹೆಬ್ಬೆಟ್ಟುಗಳನ್ನು ನಾನು ಬೇರೆಯದೇ ಒಂದು ಕಾಗದಕ್ಕೆ ಸೇರಿಸಿದೆ. ನಿಮ್ಮ ಬಲಗಾಲು ಮಡಿಚಿದ್ದು ಮಡಿಚಿದಂತೆಯೇ ಗಟ್ಟಿಯಾಗಿದ್ದಕ್ಕೆ ನಿಜಾಮನ ಸರ್ಕಾರ ಕಾರಣ ಎಂದು ಊರೆಲ್ಲ ನಂಬಿದೆ, ನೀವೂ ನಂಬಿದ್ದೀರಿ. ಕಾರಣ ನಾನು.

ಇಷ್ಟು ಬರೆಯಲು ಮೂರು ದಿನ ಹಿಡಿಯಿತು. ಮೊದಲ ದಿನ ಬರೆದದ್ದರಲ್ಲಿ ಆ ಕಾಲ ಹೇಗಿತ್ತು, ದೇಶದಲ್ಲಿ ಏನೇನು ನಡೆದಿತ್ತು, ನಾವು ಹುಡುಗರು ಎಂಥ ಹುರುಪಿನಲ್ಲಿದ್ದೆವು ಎಂದು ಎರಡು ಪುಟ ತುಂಬಿದ್ದವು. ಅರ್ಜಿಯ ಮಾತೇ ಇರಲಿಲ್ಲ. ಹರಿದು ಹಾಕಿದೆ. ಎರಡನೆಯ ದಿನವೂ ಅದೇ ಚಾಳಿ. ದೊಡ್ಡ ಮಾತು ಬರೆಯಲು ಕೂತರೆ ನನ್ನ ಕೈ ಓಡುತ್ತದೆ, ಬಾವಿ ಎಂದು ಬರೆಯಹೋದರೆ ನಿಂತುಬಿಡುತ್ತದೆ — ಅಂದೂ ಹಾಗೆಯೇ, ಇಂದೂ ಹಾಗೆಯೇ. ಎಂಬತ್ತರ ಹತ್ತಿರ ಬಂದರೂ ಬುದ್ಧಿ ಬಂದಿಲ್ಲ.

ಈಗ ಯಾಕೆ ಹೇಳುತ್ತಿದ್ದೀಯ ಎಂದು ನೀವು ಕೇಳಬಹುದು. ಹೋದ ವಾರ ನಿಮ್ಮ ಮೊಮ್ಮಗಳು ಗಿರಿಜಾ ನೋಟುಬುಕ್ಕು ಹಿಡಿದು ಬಂದಳಲ್ಲ — ನಿಜಾಮನ ಕಾಲದ ನೆನಪು ಬರೆಸಿಕೊಡಿ, ಶಾಲೆಯ ಮಕ್ಕಳಿಗೆ ಓದಿ ಹೇಳುತ್ತೇನೆ ಎಂದು. ಸಣ್ಣಜ್ಜ, ಎಂದರೆ ನಾನು, ಆಗ ಏನೇನು ಮಾಡಿದ ಎಂದು ಅವಳು ಮೊದಲು ಕೇಳಿದ್ದು ನಿಮ್ಮನ್ನು. ನೀವು ಬೇಳೆ ಹಸನು ಮಾಡುತ್ತಲೇ ಹೇಳಿದಿರಿ: "ಅವ ನಮ್ಮ ಬಾವಿಗೆ ಅರ್ಜಿ ಬರದು ಕೊಟ್ಟಿದ್ದ. ಉಳಿದದ್ದು ನನಗೇನು ತಿಳೀತೈತಿ. ಅದೊಂದು ಬರಸು." ನಾನು ಅಲ್ಲೇ ಕೂತಿದ್ದೆ. ಏನೋ ನೆವ ಹೇಳಿ ಎದ್ದು ಹೊರಗೆ ಹೋದೆ. ಅಂದಿನಿಂದ ಒಂದು ಕಡೆ ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ.

ನಿಮಗೆ ಗೊತ್ತಿದ್ದದ್ದನ್ನೂ ಬರೆಯುತ್ತೇನೆ, ಗಿರಿಜಾಳಿಗೆ ಗೊತ್ತಿಲ್ಲ. ಮಸ್ಕಿಯಿಂದ ಒಂದು ಹರದಾರಿ ದೂರದ ನಮ್ಮೂರಿಗೆ ಆಗ ಕುಡಿಯುವ ನೀರಿನದು ಒಂದೇ ಬಾವಿ, ಪಾವಟಿಗೆಯ ಬಾವಿ. ಮೆಟ್ಟಿಲಿಳಿದು, ನೀರಿನಲ್ಲಿ ಹಿಮ್ಮಡಿ ಮುಳುಗುವಷ್ಟು ನಿಂತು ಕೊಡ ತುಂಬಿಕೊಳ್ಳಬೇಕು. ಬೇಸಿಗೆ ಬಂತೆಂದರೆ ಊರಿನಲ್ಲಿ ನಾರುಹುಣ್ಣು ಏಳುತ್ತಿತ್ತು. ಕಾಲಿನ ಮೇಲೆ ಒಂದು ಗುಳ್ಳೆ, ಗುಳ್ಳೆ ಒಡೆದರೆ ಒಳಗಿನಿಂದ ಬಿಳಿ ದಾರದಂಥ ಹುಳು. ಬೆಂಕಿ ಇಟ್ಟಂತೆ ಉರಿ. ನೀರಿನಲ್ಲಿ ಕಾಲಿಟ್ಟರೆ ಉರಿ ತಣಿಯುತ್ತದೆ, ಅದಕ್ಕೇ ನಾರು ಎದ್ದವರೆಲ್ಲ ಅದೇ ಬಾವಿಗೆ ಬಂದು, ಅದೇ ಮೆಟ್ಟಿಲ ಮೇಲೆ ಕೂತು, ಅದೇ ನೀರಿನಲ್ಲಿ ಕಾಲು ಇಳಿಬಿಡುತ್ತಿದ್ದರು. ಅವರ ಪಕ್ಕದಲ್ಲೇ ನಾವು ಕೊಡ ಮುಳುಗಿಸುತ್ತಿದ್ದೆವು. ಬಿತ್ತುವ ಹೊತ್ತಿಗೆ ಸರಿಯಾಗಿ ಅರ್ಧ ಊರು ಹಾಸಿಗೆ ಹಿಡಿದಿರುತ್ತಿತ್ತು. ಅರ್ಜಿ ಬರೆಯುವ ಹಿಂದಿನ ವರ್ಷ ಅಣ್ಣನೂ ಹಿಡಿದಿದ್ದ.

ವಾಂತಿಭೇದಿಯ ಸೂಜಿ ಹಾಕಲು ಲಿಂಗಸುಗೂರಿನ ದವಾಖಾನೆಯಿಂದ ಬಂದ ಡಾಕ್ಟರ್ ಸಾಹೇಬರು ಬಾವಿಗೆ ಇಳಿದು ನೋಡಿ ತಲೆ ಕೊಡವಿದರು. ಹುಳುವಿನ ಬೀಜ ಈ ಕಾಲುಗಳಿಂದಲೇ ನೀರಿಗೆ ಬೀಳುತ್ತದೆ, ಮೆಟ್ಟಿಲು ಮುಚ್ಚಿ ಕಟ್ಟೆ ಕಟ್ಟಿ, ಮೇಲಿನಿಂದಲೇ ಹಗ್ಗದಲ್ಲಿ ಸೇದುವ ಗಡಗಡಿ ಕೂರಿಸಿದರೆ ರೋಗವೇ ಇರುವುದಿಲ್ಲ ಎಂದರು. ಮಸ್ಕಿ ಕಡೆಯ ಬಾವಿಗಳ ದುರಸ್ತಿಗೆ ತಹಸೀಲಿನಲ್ಲಿ ಈ ವರ್ಷ ಮಂಜೂರಿ ಇದೆ, ಯುಗಾದಿಯೊಳಗೆ ಊರವರ ಹೆಬ್ಬೆಟ್ಟಿನ ಅರ್ಜಿ ಬಂದರೆ ಬೇಸಿಗೆಯಲ್ಲೇ ಕೆಲಸ ಆಗುತ್ತದೆ ಎಂದೂ ಹೇಳಿದರು. ಅವರ ಉರ್ದುವನ್ನು ಊರಿಗೆ ಕನ್ನಡದಲ್ಲಿ ತಿಳಿಸಿದವನು ನಾನೇ.

ಊರಿನಲ್ಲಿ ಉರ್ದು ಓದು ಬರಹ ಬಲ್ಲವನು ನಾನೊಬ್ಬನೇ. ಅಣ್ಣ ನನ್ನ ಪಾಲಿನ ಹೊಲದ ಕೆಲಸವನ್ನೂ ತಾನೇ ಮಾಡಿ ನನ್ನನ್ನು ಲಿಂಗಸುಗೂರಿನಲ್ಲಿಟ್ಟು ಓದಿಸಿದ್ದ. ಊರ ಅರ್ಜಿಗಳೆಲ್ಲ ನನ್ನ ಕೈಯಿಂದಲೇ ಹೋಗುತ್ತಿದ್ದವು, ಅದರ ಜಂಬ ನನಗಿತ್ತು. ಆದರೆ ಮನಸ್ಸು ಊರಿನಲ್ಲಿರಲಿಲ್ಲ. ವಾರಕ್ಕೊಮ್ಮೆ ಸಂತೆಯ ನೆಪದಲ್ಲಿ ಸಿಂಧನೂರಿಗೆ ಹೋಗುತ್ತಿದ್ದೆ. ಅಲ್ಲಿ ಒಂದು ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಏಳೆಂಟು ಗೆಳೆಯರು ಸೇರಿ ಎಲ್ಲಿಂದಲೋ ಬಂದ ಒಂದು ಪತ್ರಿಕೆಯನ್ನು ಬಾಗಿಲು ಹಾಕಿಕೊಂಡು ಓದುತ್ತಿದ್ದೆವು. ದಿಲ್ಲಿ, ಲಂಡನ್, ಹೈದರಾಬಾದು — ಆ ಕೋಣೆಯಲ್ಲಿ ಕೂತರೆ ಇಡೀ ದೇಶ ನಮ್ಮ ಮಾತಿಗೆ ಕಾದಿದೆ ಅನಿಸುತ್ತಿತ್ತು. ಮನೆಗೆ ಬಂದರೆ ನೀವು ಜೋಳದ ಹಿಟ್ಟು ಮುಗಿಯಿತು ಎನ್ನುವಿರಿ, ಅಣ್ಣ ಎತ್ತಿನ ಗೊರಸಿನ ಮಾತು ತೆಗೆಯುವನು. ನನಗೆ ಸಿಟ್ಟು ಬರುತ್ತಿತ್ತು. ಎಂಥ ಸಣ್ಣ ಜನ ಅಂದುಕೊಳ್ಳುತ್ತಿದ್ದೆ — ನನಗೆ ಬಿಸಿ ರೊಟ್ಟಿ ಬಡಿಸುತ್ತಿದ್ದವರ ಬಗ್ಗೆ.

ಅರ್ಜಿಯ ಬೆನ್ನು ಹತ್ತಿದವರು ನೀವು. ಗಂಡಸರು ನೋಡೋಣ ಮಾಡೋಣ ಎನ್ನುತ್ತಿದ್ದರು. ನೀವು ದೀಪದ ಕಾಡಿಗೆಗೆ ಎಣ್ಣೆ ಕಲಸಿ, ಹಿತ್ತಾಳೆ ತಟ್ಟೆಯಲ್ಲಿ ಹಾಕಿಕೊಂಡು, ನಾಲ್ಕು ದಿನ ಒಂದೊಂದೇ ಮನೆಯ ಮೆಟ್ಟಿಲು ಹತ್ತಿದಿರಿ. ಸರ್ಕಾರದ ಕಾಗದ ಅಂದರೆ ಹೆದರುವ ಜನ ನಿಮ್ಮ ಮುಖ ನೋಡಿ ಬೆರಳು ಒತ್ತಿದರು. ಊರ ಹೊರಗಿನ ಕೇರಿಗೂ ಹೋಗಿದ್ದಿರಿ. ಅವರು ಆ ಬಾವಿಗೆ ಇಳಿಯುವಂತಿರಲಿಲ್ಲ. ಮೇಲೆ ನಿಂತು, ಯಾರಾದರೂ ಹೊಯ್ದರೆ ತುಂಬಿಕೊಳ್ಳಬೇಕು. ಗಡಗಡಿ ಕೂತರೆ ನಮಗೂ ಸೇದಲು ಬಿಡುವಿರಾ ಎಂದು ಅಲ್ಲಿಯ ಮುದುಕಿಯೊಬ್ಬಳು ಕೇಳಿದ್ದಕ್ಕೆ ಉತ್ತರ ಹೇಳಲಾಗದೆ ಬಂದೆ ಎಂದು ನನ್ನೆದುರು ಹೇಳಿಕೊಂಡಿರಿ. ಅವಳೂ ಹೆಬ್ಬೆಟ್ಟು ಕೊಟ್ಟಿದ್ದಳು.

ನಾನು ಅರ್ಜಿ ಬರೆದದ್ದೇನೋ ನಿಜ. ಚೆನ್ನಾಗಿಯೇ ಬರೆದೆ. ಒಂದು ಹಾಳೆ ಬರಹ, ಎರಡು ಹಾಳೆ ತುಂಬ ಹೆಬ್ಬೆಟ್ಟು, ಮೂರನ್ನೂ ಸೇರಿಸಿ ದಾರ ಹಾಕಿ ಕಟ್ಟಿದೆ. ಕನ್ನಡದಲ್ಲಿ ಓದಿ ಹೇಳು ಎಂದಿರಿ, ಹೇಳಿದೆ. ಮತ್ತೊಮ್ಮೆ ಎಂದಿರಿ. "ಪಾವಟಿಗಿ ಮುಚ್ಚಬೇಕು, ಗಡಗಡಿ ಬೇಕು — ಎರಡೂ ಬರದೀಯಲ್ಲ?" ಎಂದು ಹಾಳೆಯ ಮೇಲೆ ಬೆರಳಾಡಿಸಿ ಕೇಳಿದಿರಿ. ನಾನು ನಕ್ಕೆ. ನಿಮಗೆ ಓದಲು ಬಾರದ ಆ ಅಕ್ಷರಗಳ ಮೇಲೆ ನಿಮಗೆಷ್ಟು ನಂಬಿಕೆ ಇತ್ತು ಎಂಬುದು ಆಗ ಕಾಣಲಿಲ್ಲ.

ಮಸ್ಕಿಯಲ್ಲಿ ದಾರಿ ಎರಡಾಗುತ್ತದೆ — ಒಂದು ಲಿಂಗಸುಗೂರಿಗೆ, ಇನ್ನೊಂದು ಸಿಂಧನೂರಿಗೆ. ಅಲ್ಲಿ ನನಗೆ ಸಿಂಧನೂರಿನ ಗೆಳೆಯ ವಿರೂಪಾಕ್ಷ ಸಿಕ್ಕ. ದೇಶ ಸ್ವತಂತ್ರವಾಗುವಾಗ ನಿಜಾಮನ ಕೈಕೆಳಗಿನ ನಮ್ಮ ಸೀಮೆಯೂ ಅದರೊಳಗೆ ಸೇರಬೇಕೆಂದು ಒಂದು ದೊಡ್ಡ ಮನವಿ ತಯಾರಾಗಿದೆ, ಊರೂರಿನ ಸಹಿ ಬರುತ್ತಿದೆ, ನಾಳೆ ಒಬ್ಬರು ಬಂದು ಒಯ್ಯುತ್ತಾರೆ ಎಂದ. ಆಮೇಲೆ, ನಿಮ್ಮೂರಿನದು ಎಲ್ಲಿ ಎಂದು ಕೇಳಿದ. ಅಷ್ಟೇ ಕೇಳಿದ್ದು. ಬೇರೆ ಒತ್ತಾಯ ಮಾಡಲಿಲ್ಲ, ಹೆಬ್ಬೆಟ್ಟಿನ ಹಾಳೆಗಳು ನನ್ನ ಚೀಲದಲ್ಲಿರುವುದು ಅವನಿಗೆ ಗೊತ್ತೂ ಇರಲಿಲ್ಲ. ಆ ಆಲೋಚನೆ ಪೂರ್ತಿ ನನ್ನದು. ಉಳಿದವರೆಲ್ಲ ತಂದಿದ್ದಾರೆ, ನಾನೊಬ್ಬ ಬರಿಗೈಯಲ್ಲಿ — ಅಷ್ಟಕ್ಕೇ. ಲಿಂಗಸುಗೂರಿಗೆ ಹೊರಟ ಬಂಡಿ ಎದುರಿಗೇ ನಿಂತಿತ್ತು. ಬಂಡಿಯವನು ಬರ್ತೀಯಾ ಎಂದು ಕೂಗಿದ. ನಾನು ಇಲ್ಲವೆಂದು ತಲೆಯಾಡಿಸಿ ಸಿಂಧನೂರಿನ ದಾರಿ ಹಿಡಿದೆ.

ಆ ಕೋಣೆಯಲ್ಲಿ ದಾರ ಬಿಚ್ಚಿದೆ. ಬಾವಿಯ ಹಾಳೆಯನ್ನು ಮಡಿಚಿ ಅಂಗಿಯ ಜೇಬಿಗೆ ಸೇರಿಸಿ, ಹೆಬ್ಬೆಟ್ಟಿನ ಹಾಳೆಗಳನ್ನು ಅವರ ಮನವಿಗೆ ಕಟ್ಟಿದೆ. ಹೆಂಗಸರ ಹೆಬ್ಬೆಟ್ಟೂ ಇವೆಯೇ ಎಂದು ಎಲ್ಲರೂ ಬೆನ್ನು ತಟ್ಟಿದರು, ನಾನು ಉಬ್ಬಿದೆ. ನೀರಿಗಾಗಿ ಬೆರಳು ಕೊಟ್ಟವರ ಬಾಯಲ್ಲಿ ಅವರಿಗೆ ಗೊತ್ತಿಲ್ಲದ ಮಾತು ಇಟ್ಟೆ. ಪೊಲೀಸರ ಕೈಗೆ ಸಿಕ್ಕಿದ್ದರೆ ಅವರನ್ನೆಲ್ಲ ಠಾಣೆಗೆ ಎಳೆಯುತ್ತಿದ್ದ ಮಾತು ಅದು. ಅಣ್ಣನ ಹೆಬ್ಬೆಟ್ಟಿತ್ತು ಅದರಲ್ಲಿ, ನಿಮ್ಮದಿತ್ತು. ಇದು ನನಗೆ ಹೊಳೆದದ್ದು ಎಷ್ಟೋ ತಿಂಗಳ ಮೇಲೆ.

ಮರುದಿನ ಮನೆಗೆ ಬಂದಾಗ ನೀವು ಕಾಲಿಗೆ ನೀರು ತಂದುಕೊಟ್ಟು ಒಂದೇ ಮಾತು ಕೇಳಿದಿರಿ: "ಕೊಟ್ಟಿ?"

"ಕೊಟ್ಟು ಬಂದೀನ್ರಿ ವೈನಿ," ಎಂದೆ.

ಸುಲಭವಾಗಿ ಬಂತು ಬಾಯಿಗೆ. ಇನ್ನೊಂದು ವಾರದಲ್ಲಿ ಏನಾದರೂ ನೆಪ ಹೇಳಿ ಮತ್ತೆ ಹೆಬ್ಬೆಟ್ಟು ಹಾಕಿಸಿದರಾಯಿತು ಎಂದುಕೊಂಡಿದ್ದೆ — ಕಾಗದ ತಪ್ಪಿದೆ ಎನ್ನಬಹುದಿತ್ತು, ಮಸಿ ಹರಡಿದೆ ಎನ್ನಬಹುದಿತ್ತು. ಆದರೆ ಮತ್ತೆ ಕೇಳಿದರೆ ನೀವು ನನ್ನ ಮುಖ ನೋಡುತ್ತಿದ್ದಿರಿ. ನಾಳೆ, ನಾಡಿದ್ದು… ಯುಗಾದಿ ಬಂತು, ಬೇವು ಬೆಲ್ಲ ತಿಂದೆವು, ಹೋಯಿತು. ಆ ಬೇಸಿಗೆಯಲ್ಲಿ ಲಿಂಗಸುಗೂರಿನ ದಾರಿಯಲ್ಲಿರುವ ಪಕ್ಕದ ಊರಿನ ಬಾವಿಗೆ ಗೌಂಡಿಗಳು ಬಂದರು. ಅವರೂ ಅರ್ಜಿ ಕೊಟ್ಟಿದ್ದರು, ಅಷ್ಟೇ. ನಮ್ಮದು ಯಾಕೆ ಬರಲಿಲ್ಲ ಎಂದು ಊರವರು ಕೇಳಿದಾಗ, ಅವರಿಗೆ ಕಚೇರಿಯಲ್ಲಿ ವಶೀಲಿ ಇದೆ ಎಂದೆ. ನೀವು ಎಲ್ಲರಿಗೂ ಅದನ್ನೇ ಹೇಳಿದಿರಿ.

ಮರುವರ್ಷ ನಾರು ಎದ್ದದ್ದು ನಿಮಗೆ. ಬಲ ಮೊಣಕಾಲಿನ ಸಂದಿಯಲ್ಲಿ. ನಿಮಗೆ ಆಗ ಇಪ್ಪತ್ತಾರೋ ಇಪ್ಪತ್ತೇಳೋ. ಹುಳುವಿನ ತುದಿಯನ್ನು ಹತ್ತಿಕಡ್ಡಿಗೆ ಸುತ್ತಿ ದಿನಕ್ಕೆ ಒಂದು ಬೆರಳಿನಷ್ಟು ಎಳೆಯಬೇಕು, ಅವಸರ ಮಾಡಿ ಹರಿದರೆ ಒಳಗೇ ಕೀವಾಗುತ್ತದೆ — ಇದು ನಮ್ಮೂರಿನ ಕೂಸಿಗೂ ಗೊತ್ತಿತ್ತು. ನೀವು ಹನ್ನೊಂದು ದಿನ ಹಲ್ಲು ಕಚ್ಚಿ ಸುತ್ತಿದಿರಿ. ಅಷ್ಟರಲ್ಲಿ ಮಳೆ ಬಿತ್ತು. ಅಣ್ಣನಿಗೂ ಮತ್ತೆ ಎದ್ದಿತ್ತು, ಕೂರಿಗೆಯ ಹಿಂದೆ ಬೀಜ ಬಿಡುವವರಿರಲಿಲ್ಲ. ನಾನು ಸಿಂಧನೂರಿನಲ್ಲಿದ್ದೆ — ದೇಶಕ್ಕೆ ಸ್ವಾತಂತ್ರ್ಯ ಇನ್ನೇನು ಬರುತ್ತದೆ ಎಂದು ಮಾತಾಡುತ್ತ ನಾಲ್ಕು ದಿನ ಅಲ್ಲೇ ಉಳಿದಿದ್ದೆ. ಕಾಲಿಗೆ ಬಟ್ಟೆ ಸುತ್ತಿಕೊಂಡು ಹೊಲಕ್ಕೆ ಹೋದವರು ನೀವು. ಬದು ದಾಟುವಾಗ ಹುಳು ಹರಿಯಿತು.

ಕಾಲು ಊದಿ ಜ್ವರ ಏರಿದ ಮೇಲೆ ನಾನೇ ಬಂಡಿ ಕಟ್ಟಿ ನಿಮ್ಮನ್ನು ಲಿಂಗಸುಗೂರಿನ ದವಾಖಾನೆಗೆ ಕರೆದೊಯ್ದೆ. ದಾರಿಯಲ್ಲಿ ಪಕ್ಕದ ಊರಿನ ಆ ಹೊಸ ಕಟ್ಟೆಯ ಬಾವಿ ಬಂತು. ನೀರಡಿಸಿದೆ ಎಂದಿರಿ. ಒಬ್ಬ ಹೆಣ್ಣುಮಗಳು ಗಡಗಡಿಯಿಂದ ಸೇದಿ ನಿಮ್ಮ ಬೊಗಸೆಗೆ ಹೊಯ್ದಳು. ಕುಡಿದು, ಬಾಯಿ ಒರೆಸಿಕೊಂಡು, ಆ ಕಟ್ಟೆಯನ್ನೇ ನೋಡುತ್ತ ನೀವು ಅಂದಿರಿ: "ಚಲೋ ಅದಾವ ನೀರು. ನಮ್ಮ ಅರ್ಜಿ ಎಲ್ಲಿ ಸಿಕ್ಕೊಂಡೈತೋ ಏನೋ, ಶರಣಪ್ಪ."

ಆಗಲಾದರೂ ಹೇಳಬಹುದಿತ್ತು. ಬಂಡಿಯಲ್ಲಿ ನಾವಿಬ್ಬರೇ ಇದ್ದೆವು. ಆದರೆ ನಾನು ಹೇಳಿದ್ದು ಬೇರೆ: "ಈ ಸರ್ಕಾರ ಹೋಗೋತನಕ ಇಷ್ಟೇರಿ ವೈನಿ."

ನೀವು ಸಿಟ್ಟಿಲ್ಲದೆ, ನೋವಿನಲ್ಲೇ ಕೇಳಿದಿರಿ: "ಸರ್ಕಾರ ಹೋಗೋತನಕ ನೀರು ಕುಡಿಯೋದು ಬಿಡಾಕ ಬರತೈತೇನು?"

ಯಾವ ಸಭೆಯಲ್ಲೂ, ಯಾವ ಪತ್ರಿಕೆಯಲ್ಲೂ ಇಂಥ ನೇರ ಪ್ರಶ್ನೆ ನಾನು ಕೇಳಿರಲಿಲ್ಲ. ಎತ್ತು ಹೊಡೆದೆ.

ದವಾಖಾನೆಯಲ್ಲಿ ಅದೇ ಡಾಕ್ಟರ್ ಸಾಹೇಬರು. ಕಾಲು ನೋಡಿದವರೇ ನನ್ನ ಮೇಲೆ ಸಿಡುಕಿದರು, ಉರ್ದುವಿನಲ್ಲಿ. ನಿಮ್ಮೂರ ಅರ್ಜಿ ಬಂತೇ ಎಂದು ನಾನೇ ತಹಸೀಲಿಗೆ ಹೋಗಿ ಕೇಳಿದ್ದೆ, ಬರಲೇ ಇಲ್ಲವಲ್ಲ, ಯಾಕೆ ಕೊಡಲಿಲ್ಲ ಎಂದರು. ಈ ಹುಳು ಹೊಟ್ಟೆಗೆ ಹೋಗಿ ಹೊರಗೆ ಬರಲು ಒಂದು ವರ್ಷ ಬೇಕು, ಹೋದ ಬೇಸಿಗೆಯಲ್ಲಿ ಕುಡಿದದ್ದು ಇದು, ಬಾವಿ ಮುಚ್ಚಿದ್ದರೆ ಈ ಹೆಣ್ಣುಮಗಳಿಗೆ ಇದು ಬರುತ್ತಿರಲಿಲ್ಲ ಎಂದರು. ಹೋದ ಬೇಸಿಗೆ — ಎಂದರೆ ಯುಗಾದಿಯ ನಂತರದ್ದು. ಅವರ ಉರ್ದು ನಿಮಗೆ ತಿಳಿಯದು. ಆದರೆ ಅರ್ಜಿ ಎಂಬ ಮಾತು ನಿಮ್ಮ ಕಿವಿಗೆ ಬಿದ್ದಿತ್ತು.

"ಅರ್ಜಿ ಅಂದ್ರಲ್ಲ, ಏನಂದ್ರು?" ಎಂದು ನನ್ನ ತೋಳು ಹಿಡಿದು ಕೇಳಿದಿರಿ.

"ಮುಟ್ಟೈತಂತ. ನೋಡತಾರಂತ," ಎಂದೆ.

ಮೊದಲ ಸುಳ್ಳು ಹುರುಪಿನಲ್ಲಿ ಹೇಳಿದ್ದು. ಇದು ಹಾಗಲ್ಲ. ನಿಮ್ಮ ಕೀವುಗಟ್ಟಿದ ಕಾಲನ್ನು ಕಣ್ಣೆದುರು ಇಟ್ಟುಕೊಂಡು, ಗೊತ್ತಿದ್ದೂ ಗೊತ್ತಿದ್ದೂ ಹೇಳಿದ್ದು. ನಿಮ್ಮ ಮುಖ ಅಷ್ಟು ನೋವಿನಲ್ಲೂ ಸ್ವಲ್ಪ ಗೆಲುವಾಯಿತು. ಅದನ್ನು ನಾನು ನೋಡಿದೆ, ವೈನಿ, ನೋಡಿಯೂ ಬಾಯಿ ಬಿಡಲಿಲ್ಲ.

ಇನ್ನು ಆ ದೊಡ್ಡ ಮನವಿ ಏನಾಯಿತು? ಒಯ್ಯುವವರು ಬರಲಿಲ್ಲ. ಅಂಗಡಿ ತಪಾಸಣೆ ಆಗುತ್ತದೆಂಬ ಸುದ್ದಿ ಹಬ್ಬಿ, ಗೆಳೆಯರು ಹೆದರಿ ಎಲ್ಲ ಊರುಗಳ ಹಾಳೆಗಳನ್ನೂ ಒಲೆಗೆ ಹಾಕಿದರು. ನನಗೆ ಇದು ತಿಳಿದದ್ದು ಎಷ್ಟೋ ದಿನಗಳ ಮೇಲೆ. ಅದು ದಿಲ್ಲಿಗೆ ಮುಟ್ಟಿದ್ದರೆ ನನ್ನ ತಪ್ಪು ಸಣ್ಣದಾಗುತ್ತಿತ್ತೇ ಎಂದು ಎಷ್ಟೋ ಸಲ ತೂಗಿ ನೋಡಿದ್ದೇನೆ. ಆಗುತ್ತಿರಲಿಲ್ಲ. ಸ್ವಾತಂತ್ರ್ಯ ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಬೇಕಾಗಿತ್ತು, ಬಂದದ್ದು ಒಳ್ಳೆಯದೇ ಆಯಿತು. ಆದರೆ ಅದು ನನ್ನ ಎರಡು ಹಾಳೆಗೆ ಕಾದು ಕೂತಿರಲಿಲ್ಲ. ಕಾದದ್ದು ಬಾವಿ. ಆ ಕೆಲಸ ನಾನೊಬ್ಬನೇ ಮಾಡಬಲ್ಲವನಾಗಿದ್ದೆ, ಅದನ್ನು ಬಿಟ್ಟು ಸಾವಿರ ಜನ ಮಾಡುತ್ತಿದ್ದ ಕೆಲಸಕ್ಕೆ ಓಡಿದೆ. ಯಾಕೆ ಎಂದು ಈಗ ಗೊತ್ತಾಗುತ್ತದೆ. ದೇಶ ಮರುದಿನ ಬೆಳಿಗ್ಗೆ ಬಾಗಿಲಿಗೆ ಬಂದು ಏನು ಮಾಡಿದೆ ಎಂದು ಕೇಳುವುದಿಲ್ಲ. ನೀವು ಕೇಳುತ್ತೀರಿ. ನಾನು ಹೆದರಿದ್ದು ಅದಕ್ಕೆ ಇರಬೇಕು — ಅಥವಾ ಇದೂ ಒಂದು ಚಂದದ ಮಾತೇ ಏನೋ.

ನೀವು ಮಾತ್ರ ಕಾಯುತ್ತ ಕೂರಲಿಲ್ಲ. ದವಾಖಾನೆಯಿಂದ ಬಂದು, ಕಾಲು ಇನ್ನು ನೆಟ್ಟಗಾಗುವುದಿಲ್ಲ ಎಂದು ಗೊತ್ತಾದ ಮೇಲೆ, ಕೋಲು ಊರಿಕೊಂಡು ಹೋಗಿ ದಿನಾ ಮುಂಜಾನೆ ಬಾವಿಯ ಮೇಲಿನ ಮೆಟ್ಟಿಲಿನ ಮೇಲೆ ಕೂತಿರಿ. ನಾರು ಎದ್ದವರನ್ನು ಕೆಳಗಿಳಿಯಗೊಡದೆ ಅವರ ಕೊಡ ಇಸಿದುಕೊಂಡು ಬೇರೆಯವರಿಂದ ತುಂಬಿಸಿ ಕೊಟ್ಟಿರಿ. ಅಣ್ಣನ ಹಳೆಯ ಧೋತರ ನಾಲ್ಕು ಪದರು ಮಾಡಿ ನೀರು ಸೋಸುವುದನ್ನು ಮನೆಮನೆಗೆ ಕಲಿಸಿದಿರಿ. ಬೈಸಿಕೊಂಡಿರಿ, ಜಗಳವಾಡಿದಿರಿ. ಎರಡು ವರ್ಷದಲ್ಲಿ ನಾರು ಏಳುವವರು ಕಡಿಮೆಯಾದರು. ಕೊನೆಗೆ ಮೆಟ್ಟಿಲುಗಳಿಗೆ ಕಲ್ಲು ತುಂಬಿದ್ದು ಊರಿನ ಹೆಂಗಸರು, ಕೇರಿಯ ಹೆಂಗಸರೂ ಬುಟ್ಟಿ ಹೊತ್ತರು. ಯಾವ ರಾಜ ಹೋದ, ಯಾವ ರಾಜ್ಯ ಬಂತು ಎಂದು ನಾನು ಎಣಿಸುತ್ತಿದ್ದ ದಿನಗಳವು.

ಇನ್ನೊಂದಿದೆ. ಇದು ಎಲ್ಲಕ್ಕಿಂತ ಹೇಸಿಗೆಯದು. ನಿಜಾಮನ ಆಳಿಕೆ ಮುಗಿದ ಮೇಲೆ ಮಸ್ಕಿಯಲ್ಲಿ ನಡೆದ ಸಭೆಯಲ್ಲಿ ನನ್ನನ್ನೂ ಮಾತಾಡಲು ನಿಲ್ಲಿಸಿದರು. ಆ ಸರ್ಕಾರ ಜನರನ್ನು ಹೇಗೆ ನೋಡಿತು ಗೊತ್ತೇ ಎಂದು ದನಿ ಏರಿಸಿದೆ. ಕುಡಿಯುವ ನೀರಿಗೆ ಊರೇ ಅರ್ಜಿ ಕೊಟ್ಟರೂ ಕಸದ ಬುಟ್ಟಿಗೆ ಹಾಕಿದರು, ಅಲ್ಲಿ ಕೂತಿದ್ದಾರೆ ನೋಡಿ ನನ್ನ ಅತ್ತಿಗೆ, ಅವರ ಕಾಲು ನೋಡಿ ಎಂದು ಕೈ ತೋರಿಸಿದೆ. ಜನ ಹೊರಳಿ ನೋಡಿದರು, ಚಪ್ಪಾಳೆ ತಟ್ಟಿದರು. ಹೆಂಗಸರ ನಡುವೆ ಕೂತಿದ್ದ ನೀವು ಸೀರೆಯ ನಿರಿಗೆ ಎಳೆದು ಪಾದ ಮುಚ್ಚಿಕೊಂಡಿರಿ. ನನ್ನ ತಪ್ಪಿನಿಂದ ಕೆಟ್ಟ ಕಾಲನ್ನು ನನ್ನ ಭಾಷಣಕ್ಕೆ ಸಾಕ್ಷಿ ಮಾಡಿದೆ. ಆಮೇಲೆ ಊರಿನಲ್ಲಿ ನನಗೆ ಹಿರಿತನ ಬಂತು, ನ್ಯಾಯ ಪಂಚಾಯ್ತಿಗೆ ಕರೆದರು, ಹಾರ ಹಾಕಿದರು. ಅದೆಲ್ಲದರ ಬುಡದಲ್ಲಿ ಆ ಭಾಷಣವಿತ್ತು.

ಆ ಕಚೇರಿಯ ಗುಮಾಸ್ತ ಯಾರಿದ್ದನೋ, ಪಾಪ, ಅವನೂ ಬದುಕಿರಲಿಕ್ಕಿಲ್ಲ. ಅವನು ನೋಡದ ಅರ್ಜಿಯ ಪಾಪ ಅವನ ತಲೆಯ ಮೇಲೆ ಇಷ್ಟು ವರ್ಷ ಕೂತಿತ್ತು. ಅಣ್ಣ ಸಾಯುವಾಗಲೂ ಆ ಕಚೇರಿಯವರನ್ನೇ ಬೈದ. ನಾನು ಅಣ್ಣನ ಬಾಯಿಗೆ ನೀರು ಬಿಡುತ್ತಿದ್ದೆ, ಆಗಲೂ ಸುಮ್ಮನಿದ್ದೆ.

ಕ್ಷಮಿಸಿ ಎಂದು ಬರೆಯಬಾರದೆಂದು ನಿರ್ಧರಿಸಿದ್ದೇನೆ. ಕೇಳಿದರೆ ನೀವು ಆಗಲಿ ಬಿಡು ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೀರಿ. ನಿಮ್ಮ ಸ್ವಭಾವ ನನಗೆ ಗೊತ್ತು, ಅದನ್ನೂ ನಾನು ಬಳಸಿಕೊಂಡಂತಾಗುತ್ತದೆ.

ಇದನ್ನು ನಾನೇ ನಿಮಗೆ ಓದಿ ಹೇಳಬೇಕೆಂದಿದ್ದೆ. ಬೇಡ ಅನಿಸಿತು. ಓದುತ್ತ ಓದುತ್ತ ಎಲ್ಲಿ ಒಂದು ಸಾಲು ನುಂಗುತ್ತೇನೋ, ಎಲ್ಲಿ ಒಂದು ಮಾತು ಮೆತ್ತಗೆ ಮಾಡುತ್ತೇನೋ — ನನಗೆ ನನ್ನ ಮೇಲೆ ನಂಬಿಕೆಯಿಲ್ಲ. ಗಿರಿಜಾಳ ಕೈಗೆ ಕೊಡುತ್ತೇನೆ. ಅವಳು ಭಾನುವಾರ ಬರುತ್ತಾಳೆ. ಪಡಸಾಲೆಯಲ್ಲಿ ಎಲ್ಲರೆದುರು ಓದು, ಒಂದಕ್ಷರ ಬಿಡಬೇಡ ಎಂದು ಹೇಳಿದ್ದೇನೆ. ಶಾಲೆಯಲ್ಲಿ ಪಾಠ ಹೇಳಿ ಹೇಳಿ ಅವಳ ದನಿ ದೊಡ್ಡದಾಗಿದೆ, ಓಣಿಯವರಿಗೂ ಕೇಳುತ್ತದೆ. ಬಾಗಿಲು ಹಾಕಬೇಡ ಎಂದೂ ಹೇಳಿದ್ದೇನೆ.